ಮುಂಗಡ ತೀರಿಸಿದರಷ್ಟೇ ಬಿಡುಗಡೆಯೇ?

ಮಾನ್ಯ ಸಂಪಾದಕರೇ,

ಕಂಪ್ಯೂಟರಿಗೆ ಬೀಗ ಜಡಿದು ದುಡ್ಡು ಕೇಳುವ ‘ರ‍್ಯಾನ್ಸಮ್‌ವೇರ್’ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಮಕ್ಕಳು ಅರ್ಥ ಕೇಳಿದರೆ ರ‍್ಯಾನ್ಸಮ್ ಅಂದರೆ ಒತ್ತೆಹಣ ಎಂದು ಹೇಳಿ ಮುಗಿಸುತ್ತೇವೆ. ಈ ಪದದ ಹಿಂದಿನ ಕಥೆ ಅಷ್ಟಕ್ಕೇ ಬಿಡುವಂಥದ್ದಲ್ಲ.

ಇದರ ಬೇರು ಲ್ಯಾಟಿನ್ನಿನ ‘ರೆಡೆಂಪ್ಟಿಯೊ’. ಮರಳಿ ಕೊಂಡುಕೊಳ್ಳುವುದು ಎಂದರ್ಥ. ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು ಇಂಗ್ಲಿಷಿಗೆ ರ‍್ಯಾನ್ಸಮ್ ಆಗಿ ಬಂತು. ಅಡವಿಟ್ಟ ಒಡವೆ ಬಿಡಿಸಿಕೊಳ್ಳುವುದಕ್ಕೆ ಹೇಳುವ ‘ರಿಡೆಂಪ್ಷನ್’ ಕೂಡ ಅದೇ ಬೇರಿನದು. ಒಡವೆಗೂ ಮನುಷ್ಯನಿಗೂ ಒಂದೇ ಲೆಕ್ಕ! 1192ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ರಿಚರ್ಡ್ ಆಸ್ಟ್ರಿಯಾದಲ್ಲಿ ಸೆರೆ ಸಿಕ್ಕ. ಕೇಳಿದ್ದು 1,50,000 ಮಾರ್ಕ್ ಬೆಳ್ಳಿ. ಜನರ ಆದಾಯದಲ್ಲಿ ಕಾಲುಭಾಗ ತೆರಿಗೆ ಎತ್ತಿದರು, ಚರ್ಚುಗಳ ಬೆಳ್ಳಿಯನ್ನೂ ತೆಗೆದುಕೊಂಡರು. 1194ರಲ್ಲಿ ಅವನ ಬಿಡುಗಡೆಯಾಯಿತು.

ದೊರೆಗೆ ಇಡೀ ರಾಜ್ಯ ದುಡ್ಡು ಕಟ್ಟಿತು. ನಮ್ಮ ಮಲೆನಾಡಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಇರುವ ಕೂಲಿ ಕುಟುಂಬಕ್ಕೆ ಯಾರು ಕಟ್ಟುತ್ತಾರೆ? ಆಳುಗಳನ್ನು ಕರೆತರುವ ಮೇಸ್ತ್ರಿ ಕೈಯಿಂದ ಮುಂಗಡ ಪಡೆದು ಅವರು ಬಂದಿರುತ್ತಾರೆ. ಮುಂಗಡ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಆಳುಗಳನ್ನು ಮನೆಯವರ ಹಾಗೆ ನೋಡಿಕೊಳ್ಳುವ ತೋಟದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕೂಲಿ ಸರಿಯಾಗಿ ಕೊಡದೆ, ಆಧಾರ್ ಕಾರ್ಡ್ ಇಟ್ಟುಕೊಂಡು, ‘ಮುಂಗಡ ತೀರಿಸಿ ಎಲ್ಲಿಗಾದರೂ ಹೋಗು’ ಎಂದರೆ ಅದು ಒತ್ತೆಹಣವೇ ಅಲ್ವಾ? ಅದನ್ನು ‘ಬಾಕಿ’ ಎಂದು ಮೆತ್ತಗೆ ಕರೆಯುವುದು ನನಗೆ ಸಹಿಸಲಾಗದು.

1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಈ ವಿಷಯದಲ್ಲಿ ತುಂಬಾ ಸ್ಪಷ್ಟವಾಗಿದೆ. ಜೀತಕ್ಕೆ ಕಟ್ಟಿಹಾಕಿದ ಸಾಲ ರದ್ದಾಗುತ್ತದೆ. ಆಳು ಒಂದು ರೂಪಾಯಿಯನ್ನೂ ತೀರಿಸಬೇಕಿಲ್ಲ. ಹಾಗೆ ರದ್ದಾದ ಸಾಲವನ್ನು ವಸೂಲಿ ಮಾಡಿಕೊಂಡವರಿಗೆ 3 ವರ್ಷದವರೆಗೆ ಜೈಲು ಮತ್ತು ದಂಡ. ಇದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರದೇ, ಆಳಿನದಲ್ಲ. ಇಷ್ಟು ಗಟ್ಟಿ ಕಾನೂನು ಇದ್ದೂ, ಅದು ಯಾರಿಗೆ ಬೇಕೋ ಅವರ ಕಿವಿಗೇ ಬಿದ್ದಿಲ್ಲ. ಸಾಲ ಉಳಿಸಿಕೊಂಡು ಓಡಿಹೋದರೆ ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆಯಲ್ಲೇ ಅವರು ದಿನ ದೂಡುತ್ತಾರೆ.

ಕಾಯ್ದೆಯ ಪ್ರಕಾರ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳು ಇರಬೇಕು. ಅಡಿಕೆ, ಕಾಫಿ ಕೊಯ್ಲಿಗೆ ಜನ ಬಂದಿಳಿಯುವ ಹೊತ್ತಿಗೆ ಈ ಸಮಿತಿಯವರು ತಾವೇ ಲೈನ್ ಮನೆಗಳಿಗೆ ಹೋಗಬೇಕು. ತೋಟದ ಮಾಲೀಕರ ಎದುರು ನಿಲ್ಲಿಸಿ ಕೇಳದೆ, ಆಳುಗಳನ್ನೇ ಬೇರೆಯಾಗಿ ಮಾತಾಡಿಸಬೇಕು. ಹೊರ ರಾಜ್ಯದವರೂ ಇರುವುದರಿಂದ ಅವರ ಭಾಷೆ ಬಲ್ಲ ಒಬ್ಬರು ಜೊತೆಗಿರಲಿ. ನಿಮ್ಮ ಪತ್ರಿಕೆಯೂ ಕೊಯ್ಲಿನ ದಿನಗಳಲ್ಲಿ ಈ ಕಾಯ್ದೆಯ ಮುಖ್ಯ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ