ಭೂಕಂಪದ ಸುದ್ದೀಲಿ ಅರ್ಧ ಕಥೆ ಬಿಟ್ಟೋಗ್ತಿದೆ

ಸಂಪಾದಕರಿಗೆ ನಮಸ್ಕಾರ,

ವಿಜಯಪುರದ ಕಡೆ ನೆಲ ನಡುಗಿದ್ರೂ ಅಷ್ಟೆ, 2022ರಲ್ಲಿ ಕೊಡಗು, ಸುಳ್ಯದ ಕಡೆ ನಡುಗಿದಾಗ್ಲೂ ಅಷ್ಟೆ, ಪೇಪರಲ್ಲಿ ಬರೋದು ಎರಡೇ ಮಾತು, ತೀವ್ರತೆ ಇಷ್ಟು, ಜನ ಭಯಪಡೋದು ಬೇಡ. ಸರಿ ಸರ್ ಭಯಪಡಲ್ಲ, ಆದ್ರೆ ಆ ಕಂಪನದ ಅಲೆ ನಮ್ಮ ಕಾಲಡಿ ಏನೇನು ದಾಟ್ಕೊಂಡು ಬಂತು ಅಂತಾನೂ ಬರೀರಿ ಅನ್ನೋದೇ ನನ್ನ ತಕರಾರು.

ಹಲಸಿನ ಹಣ್ಣನ್ನ ಕೊಯ್ಯೋಕೆ ಮುಂಚೆ ತಟ್ಟಿ ನೋಡಲ್ವಾ, ಹಾಗೇ ಅಲೆ ನೋಡಿ ಭೂಮಿಯೊಳಗೆ ಏನಿದೆ ಅಂತ ತಿಳಿಯೋದು. ಸೋವಿಯತ್ ಕಾಲದಲ್ಲಿ ರಷ್ಯಾದ ಕೋಲಾ ಅನ್ನೋ ಕಡೆ ನೆಲ ಕೊರೆದೂ ಕೊರೆದೂ 12 ಕಿ.ಮೀ. ಚಿಲ್ಲರೆಗೆ ನಿಂತೋಯ್ತು, ಅದಕ್ಕಿಂತ ಕೆಳಗಿನ ಸಮಾಚಾರ ತರೋದು ಅಲೆಗಳೇ. 1909ರ ಅಕ್ಟೋಬರ್ 8ಕ್ಕೆ ಕ್ರೊಯೇಷ್ಯಾದ ಝಾಗ್ರೆಬ್ ಹತ್ರ ಭೂಕಂಪ ಆದಾಗ ಮೊಹೊರೊವಿಚಿಚ್ ಅನ್ನೋ ವಿಜ್ಞಾನಿ ಬೇರೆಬೇರೆ ಊರಿನ ದಾಖಲೆ ಎಲ್ಲಾ ಗುಡ್ಡೆ ಹಾಕ್ಕೊಂಡು ನೋಡಿದ್ರೆ, ಒಂದೇ ಕಂಪನದ ಪಿ ಅಲೆ, ಅಂದ್ರೆ ಎಲ್ಲಕ್ಕಿಂತ ಮುಂಚೆ ಬರೋ ವೇಗದ ಅಲೆ, ಎರಡು ಸಲ ಬಂದಿದೆ! ಊರೊಳಗಿನ ರೋಡಲ್ಲಿ ಹೋದೋನಿಗಿಂತ ಸುತ್ತಾದ್ರೂ ಬೈಪಾಸ್ ಹಿಡಿದೋನು ಮುಂಚೆ ಸೇರ್ತಾನಲ್ಲ, ಹಾಗೆ ಒಂದು ಅಲೆ ಕೆಳಗಿಳಿದು ಗಟ್ಟಿ ಪದರದಲ್ಲಿ ಸೆಕೆಂಡಿಗೆ 8 ಕಿ.ಮೀ. ಹತ್ರ ಓಡಿದೆ, ಮೇಲಿಂದು 6ರ ಆಸುಪಾಸಲ್ಲೇ ಬಂದಿದೆ. ಭೂಮಿಯ ಹೊರಪದರ ಮುಗಿದು ಆ ಗಟ್ಟಿ ಪದರ ಶುರುವಾಗೋ ಗಡಿ 54 ಕಿ.ಮೀ. ಆಳದಲ್ಲಿದೆ ಅಂತ ಪುಣ್ಯಾತ್ಮ ಲೆಕ್ಕ ಹಾಕಿದ, ಅದಕ್ಕೆ ಇವತ್ತಿಗೂ ಮೊಹೊ ಅಂತಾನೇ ಹೆಸರು.

ಈಗ ಅಷ್ಟೊಂದು ಊರು ಬೇಡ, ಒಂದೇ ಸ್ಟೇಷನ್ ಸಾಕು. ಇಂಡೊನೇಷ್ಯಾದ ಕಡೆ ದೊಡ್ಡ ಭೂಕಂಪ ಆದ್ರೆ ಅದರ ಪಿ ಅಲೆ ಕೆಳಗಿಂದ ಬಂದು ಮೊಹೊಗೆ ತಾಗಿದಾಗ ಒಂದು ಪಾಲು ಎಸ್ ಅಲೆಯಾಗಿ ಬದಲಾಗುತ್ತೆ, ಎಸ್ ನಿಧಾನದ್ದು, ನಾಲ್ಕೈದು ಸೆಕೆಂಡ್ ಲೇಟಾಗಿ ಬರುತ್ತೆ. ಆ ಲೇಟಿಂದಲೇ ಹೊರಪದರದ ದಪ್ಪ ಸಿಗುತ್ತೆ, ಒಂದು ಸೆಕೆಂಡ್ ಲೇಟಿಗೆ ಹೆಚ್ಚುಕಮ್ಮಿ 8 ಕಿ.ಮೀ. ದಪ್ಪ ಅಂತ ಇಟ್ಕೊಳ್ಳಿ. ಹೀಗೆ ಅಳೆದೇ ಗೊತ್ತಾಗಿದ್ದು, ಕೋಲಾರದ ಕಡೆ ಹೊರಪದರ 35 ಕಿ.ಮೀ. ಆಸುಪಾಸು ಇದ್ರೆ ಚಿತ್ರದುರ್ಗದಿಂದ ಪಶ್ಚಿಮಕ್ಕೆ 40, ಕೆಲವು ಕಡೆ 50 ದಾಟುತ್ತೆ ಅಂತ. ಒಂದೇ ರಾಜ್ಯ, ಮೇಲೆ ನೋಡಿದ್ರೆ ಗೊತ್ತೇ ಆಗಲ್ಲ!

ನಮ್ಮ ಗೌರಿಬಿದನೂರಲ್ಲಿ 1960ರ ದಶಕದಿಂದ ಭೂಕಂಪ ಮಾಪಕಗಳ ಸಾಲೇ ಇದೆ, ಹಾಕಿದ್ದು ಯಾರೋ ಎಲ್ಲೋ ಅಣುಬಾಂಬ್ ಸಿಡಿಸಿದ್ರೆ ಹಿಡಿಯೋಕೆ, ಆದ್ರೆ ನೆಲ ಓದೋಕೂ ಅದೇ ಉಪಯೋಗಕ್ಕೆ ಬಂತು. ತಾಲ್ಲೂಕಿನವರನ್ನೇ ಕೇಳಿ, ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ.

ಮುಂದಿನ ಸಲ ದೂರದಲ್ಲಿ ಎಲ್ಲಾದ್ರೂ ದೊಡ್ಡ ಕಂಪನ ಆದಾಗ ನಿಮ್ಮ ವರದಿಗಾರರು ತೀವ್ರತೆ ಕೇಳಿದ ಮೇಲೆ, ನಮ್ಮ ಸ್ಟೇಷನ್ನಲ್ಲಿ ಆ ಎಸ್ ಅಲೆ ಎಷ್ಟು ಸೆಕೆಂಡ್ ಲೇಟು ಅಂತಾನೂ ಒಂದು ಮಾತು ಕೇಳ್ಲಿ. ಸಣ್ಣ ಬಾಕ್ಸಲ್ಲಿ ಹಾಕಿ, ಸಾಕು.

ಇತಿ,
ಗೌರಿಬಿದನೂರು ತಾಲ್ಲೂಕಿನ ಒಬ್ಬ ಓದುಗ