ಕಣ್ಣಿನ ಆಪರೇಷನ್ ‘ಗೈಡ್‌ಲೈನ್’ಗೂ ಮಾರ್ಕ್ಸ್ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ದೀಪಾವಳಿ ಮುಗಿದ ಮೇಲೆ ನಮ್ಮ ಅವ್ವನ ಬಲಗಣ್ಣಿಗೆ ಪೊರೆ ಆಪರೇಷನ್ ಮಾಡಿಸಿದೆವು. ಅದಕ್ಕೂ ಮೊದಲು ಗದಗ, ಹುಬ್ಬಳ್ಳಿ ಅಂತ ಎರಡು ಕಡೆ ತೋರಿಸಿದ್ದೆವು. ಒಂದು ಕಡೆ ಶುಗರ್, ಬಿ.ಪಿ. ನೋಡಿ ಸಾಕು ಅಂದರು. ಇನ್ನೊಂದು ಕಡೆ ಇಸಿಜಿ, ಎದೆಯ ಎಕ್ಸ್‌ರೇ, ಮೊಳದುದ್ದ ರಕ್ತಪರೀಕ್ಷೆಯ ಪಟ್ಟಿ. ತಲೆಸ್ನಾನ ಒಬ್ಬರ ಲೆಕ್ಕದಲ್ಲಿ ವಾರ ಬಿಟ್ಟು, ಇನ್ನೊಬ್ಬರ ಲೆಕ್ಕದಲ್ಲಿ ತಿಂಗಳು ಬಿಟ್ಟು. ಯಾಕೆ ಹೀಗೆ ಅಂದರೆ ಎರಡೂ ಕಡೆ ಒಂದೇ ಉತ್ತರ: ‘ಗೈಡ್‌ಲೈನ್ ಪ್ರಕಾರ’. ಅಂದರೆ ಚಿಕಿತ್ಸೆ ಹೀಗೆ ಮಾಡಿ ಅಂತ ಡಾಕ್ಟರುಗಳಿಗೆ ಬರೆದಿಟ್ಟ ಸಲಹೆಗಳ ಪ್ರಕಾರ. ಯಾರ ಗೈಡ್‌ಲೈನ್, ಯಾವ ವರ್ಷದ್ದು ಅಂದರೆ ಮಾತಿಲ್ಲ. ಆಪರೇಷನ್ ಚೆನ್ನಾಗೇ ಆಯಿತು, ಅದನ್ನು ಹೇಳಲೇಬೇಕು. ಅವ್ವ ಈಗ ಅಕ್ಕಿಯಲ್ಲಿ ಕಲ್ಲು ತಾನೇ ಆರಿಸುತ್ತಾಳೆ.

ನಾನು ಗಣಿತದ ಮೇಷ್ಟ್ರು, ಈಗ ನಿವೃತ್ತ. ಗೈಡ್‌ಲೈನ್‌ಗೂ ಮಾರ್ಕ್ಸ್ ಹಾಕುವ ಪದ್ಧತಿ ಇದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅದರ ಹೆಸರು ‘ಅಗ್ರೀ-2’. 6 ವಿಭಾಗ, 23 ಪ್ರಶ್ನೆ, ಒಂದೊಂದಕ್ಕೂ 1ರಿಂದ 7 ಅಂಕ. ಕನಿಷ್ಠ ಇಬ್ಬರು, ಸಾಧ್ಯವಾದರೆ ನಾಲ್ವರು, ಬೇರೆ ಬೇರೆ ಕೂತು ಅಂಕ ಹಾಕಬೇಕು. 8 ಪ್ರಶ್ನೆ ಒಂದೇ ವಿಭಾಗಕ್ಕೆ ಮೀಸಲು: ಪುರಾವೆ ಹೇಗೆ ಹುಡುಕಿದಿರಿ, ಹೇಗೆ ಆರಿಸಿದಿರಿ, ಮುಂದೆ ಯಾವಾಗ ತಿದ್ದುತ್ತೀರಿ ಇತ್ಯಾದಿ. ದುಡ್ಡು ಕೊಟ್ಟವರ ಪ್ರಭಾವ ಬಿದ್ದಿದೆಯಾ ಅಂತಲೂ ಕೇಳುತ್ತದೆ. ಲೆನ್ಸ್ ಮಾರುವ ಕಂಪನಿಗಳ ಕಾಲದಲ್ಲಿ ಇದು ಸಣ್ಣ ಪ್ರಶ್ನೆ ಅಲ್ಲ. ಆರೂ ವಿಭಾಗದ ಅಂಕ ಕೂಡಿಸಿ ಒಂದೇ ಟೋಟಲ್ ಮಾಡುವ ಹಾಗಿಲ್ಲ. ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ, ಕನ್ನಡದಲ್ಲಿ ತೊಂಬತ್ತು ಬಂತು ಅಂತ ಗಣಿತದ ಫೇಲು ಮುಚ್ಚಿಹೋಗುವುದಿಲ್ಲ.

ಈಗ ಅವ್ವನ ಪರೀಕ್ಷೆಗಳ ವಿಷಯಕ್ಕೇ ಬನ್ನಿ. 2000ದಲ್ಲಿ ಅಮೆರಿಕ, ಕೆನಡಾದ ಆಸ್ಪತ್ರೆಗಳ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಪೊರೆ ತೆಗೆದ 19 ಸಾವಿರಕ್ಕೂ ಹೆಚ್ಚು ಆಪರೇಷನ್‌ಗಳ ಲೆಕ್ಕ ಅದು. ಎಲ್ಲರಿಗೂ ಸಾರಾಸಗಟಾಗಿ ಇಸಿಜಿ, ರಕ್ತಪರೀಕ್ಷೆ ಮಾಡಿಸಿದ್ದರಿಂದ ತೊಂದರೆಗಳು ಕಡಿಮೆ ಆಗಲಿಲ್ಲ ಅಂತ ಕಂಡುಬಂತು. ಹಾಗಾದರೆ ಉದ್ದ ಪಟ್ಟಿ ಕೊಟ್ಟವರು ತಪ್ಪಾ? ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ನಮ್ಮ ಕಡೆ ಶುಗರ್ ಇದೆ ಅಂತಲೇ ಗೊತ್ತಿಲ್ಲದೆ ಎಷ್ಟೋ ಜನ ಶಿಬಿರಕ್ಕೆ ಬರುತ್ತಾರೆ, ಅಲ್ವಾ? ಅಲ್ಲಿಯ ಪುರಾವೆ ಇಲ್ಲಿಗೆ ಎಷ್ಟು ಹೊಂದುತ್ತದೆ ಅಂತ ಗೈಡ್‌ಲೈನ್ ಬರೆದವರು ಯೋಚಿಸಿ ಬರೆದಿರಬೇಕು. ಸುಮ್ನೆ ನಕಲು ಇಳಿಸಿದ್ದರೆ ಅದು ಅಂಕದಲ್ಲಿ ಕಾಣುತ್ತದೆ.

ರೋಗಿಗಳ ಅಭಿಪ್ರಾಯ ಕೇಳಿದ್ದೀರಾ ಅಂತಲೂ ಒಂದು ಪ್ರಶ್ನೆ ಇದೆ. ನನಗೆ ಜಾಸ್ತಿ ಹಿಡಿಸಿದ್ದು ಇದೇ. ‘ಧೂಳಿಗೆ ಹೋಗಬೇಡಿ’ ಅಂತ ಚೀಟಿಯಲ್ಲಿ ಒಂದು ಸಾಲು ಇರುತ್ತದೆ. ಸುಗ್ಗಿಯಲ್ಲಿ ಬ್ಯಾಡಗಿ ಕಡೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂಲಿಗೆ ಹೋಗುವ ಹೆಂಗಸಿಗೆ ಆ ಸಾಲಿನ ಅರ್ಥ ಏನು? ಎಷ್ಟು ದಿನ? ಕನ್ನಡಕ ಹಾಕಿಕೊಂಡು ಹೋದರೆ ನಡೆಯುತ್ತದಾ? ಮನೆಯವರೆಲ್ಲ ಹೊಲಕ್ಕೆ ಹೋದ ಮೇಲೆ ಮುದುಕಿಯ ಕಣ್ಣಿಗೆ ಡ್ರಾಪ್ಸ್ ಹಾಕುವವರು ಯಾರು? ಅವರನ್ನೇ ಕೂರಿಸಿ ಕೇಳದೆ ಇದನ್ನು ಬರೆಯಲು ಬರುವುದಿಲ್ಲ.

ಅಂಕ ಜಾಸ್ತಿ ಬಂದ ಮಾತ್ರಕ್ಕೆ ಆಪರೇಷನ್ ಚೆನ್ನಾಗಿ ಆಗುತ್ತದೆ ಅಂತಲ್ಲ. ಕೈ ಡಾಕ್ಟರದ್ದು, ಬರೆದ ಕಾಗದದ್ದಲ್ಲ. ಆದರೆ ಕಾಗದ ತೋರಿಸಿ ನಮ್ಮ ಬಾಯಿ ಮುಚ್ಚಿಸುವುದಾದರೆ ಅದು ಎಂಥ ಕಾಗದ ಅಂತ ನೋಡಬೇಕಲ್ಲ.

ಹುಬ್ಬಳ್ಳಿ, ಗದಗ, ಹಾವೇರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇವೆ. ಅಲ್ಲಿನ ಕಣ್ಣಿನ ವಿಭಾಗದವರು ನಾಲ್ಕು ಜನ ಕೂತು, ತಾವು ಪಾಲಿಸುವ ಗೈಡ್‌ಲೈನ್‌ಗೆ ಅಂಕ ಹಾಕಿ, ವಿಭಾಗವಾರು ಪಟ್ಟಿಯನ್ನು ಓಪಿಡಿ ಗೋಡೆಗೆ ಅಂಟಿಸಲಿ. ಅಷ್ಟಾಗದಿದ್ದರೆ ಡಿಸ್ಚಾರ್ಜ್ ಚೀಟಿಯ ಕೆಳಗೆ ‘ಇಂಥವರ ಗೈಡ್‌ಲೈನ್, ಇಂಥ ವರ್ಷದ್ದು’ ಅಂತ ಒಂದು ಸಾಲು ಕನ್ನಡದಲ್ಲಿ ಹಾಕಲಿ. ಅಕ್ಷರ ಮಾತ್ರ ಸ್ವಲ್ಪ ದೊಡ್ಡದಿರಲಿ. ಓದುವವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು.

– ಒಬ್ಬ ನಿವೃತ್ತ ಶಿಕ್ಷಕ, ಗದಗ-ಬೆಟಗೇರಿ