ವರದಿಯ ಎರಡನೇ ಪುಟವನ್ನೂ ಓದಿ ಹೇಳಿ

ಮಾನ್ಯ ಸಂಪಾದಕರೇ,

ಅನ್ಯೂರಿಸಂ (ರಕ್ತನಾಳದ ಗೋಡೆ ಒಂದು ಕಡೆ ಉಬ್ಬಿಕೊಳ್ಳುವುದು) ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಮಿದುಳು. ಗುಲ್ಮ (ಎಡಪಕ್ಕೆಯ ಒಳಗಿರುವ ಸ್ಪ್ಲೀನ್), ಲಿವರ್, ಕರುಳಿಗೆ ರಕ್ತ ಒಯ್ಯುವ ನಾಳಗಳೂ ಹಳೇ ಸೈಕಲ್ ಟ್ಯೂಬಿನ ಹಾಗೆ ಒಂದು ಕಡೆ ಉಬ್ಬಿಕೊಳ್ಳುತ್ತವೆ. ಅಪರೂಪ, ನಿಜ. ಆದರೆ ಊರೂರಿಗೂ ಸ್ಕ್ಯಾನಿಂಗ್ ಸೆಂಟರ್ ಬಂದ ಮೇಲೆ ಇನ್ನೇನನ್ನೋ ಹುಡುಕುವಾಗ ಇವು ಸಿಗುತ್ತಿವೆ. ಸಿಕ್ಕಿದ್ದನ್ನು ರೋಗಿಗೆ ಹೇಳುವುದೇ ಇಲ್ಲ ಅನ್ನುವುದು ನನ್ನ ತಕರಾರು.

ನನ್ನ ಅಣ್ಣನ ಮಗಳು ಕಿಡ್ನಿ ಕಲ್ಲಿನ ನೋವಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದಳು. ಸಣ್ಣ ಕಲ್ಲು, ನೀರು ಜಾಸ್ತಿ ಕುಡೀರಿ ಅಂತ ಹೇಳಿ ಕಳಿಸಿದರು. ಗುಲ್ಮದ ನಾಳದಲ್ಲಿ ಒಂದೂವರೆ ಸೆಂಟಿಮೀಟರಿನ ಉಬ್ಬು ಇದೆ ಎಂಬ ಸಾಲು ವರದಿಯ ಎರಡನೇ ಪುಟದಲ್ಲಿತ್ತು. ಯಾರೂ ಬಾಯಿಬಿಡಲಿಲ್ಲ. ಎರಡನೇ ಮಗುವಿನ ಯೋಚನೆ ಮಾಡಿ ಹೆರಿಗೆ ಡಾಕ್ಟರ ಬಳಿ ಫೈಲ್ ಒಯ್ದಾಗ ಅವರು ನೋಡಿ ಗಾಬರಿಯಾದರು.

ಗಾಬರಿಗೆ ಕಾರಣವಿದೆ. ಹೊಟ್ಟೆಯ ಅಂಗಗಳ ನಾಳದಲ್ಲಿ ಬರುವ ಉಬ್ಬುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುಲ್ಮದ ನಾಳದಲ್ಲೇ ಬರುತ್ತವೆ. ಅದೂ ಹೆಂಗಸರಲ್ಲಿ, ಹಲವು ಸಲ ಬಸಿರಾದವರಲ್ಲಿ ಜಾಸ್ತಿ. ಸಾಮಾನ್ಯವಾಗಿ ನೋವಿರುವುದಿಲ್ಲ. ಬಸಿರಿನಲ್ಲಿ ಒಡೆದರೆ ಮಾತ್ರ, ವೈದ್ಯಕೀಯ ದಾಖಲೆಗಳ ಪ್ರಕಾರ, ನೂರಕ್ಕೆ 70ರಷ್ಟು ತಾಯಂದಿರು, 90ಕ್ಕೂ ಹೆಚ್ಚು ಶಿಶುಗಳು ಉಳಿದಿಲ್ಲ. ಕೆಲವರಲ್ಲಿ ರಕ್ತ ಮೊದಲು ಜಠರದ ಹಿಂದಿನ ಜಾಗದಲ್ಲಿ ಕಟ್ಟಿ ನಿಲ್ಲುತ್ತದೆ. ಬಿ.ಪಿ. ಇಳಿದು ಮತ್ತೆ ಏರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆಮೇಲೆ ಹೊಟ್ಟೆ ತುಂಬ ರಕ್ತ.

ಮೂರು ಸೆಂಟಿಮೀಟರ್ ಆಗುವ ತನಕ ಬಿಡಿ, ಇದು ಚಿಕ್ಕದು ಎಂದರು ಇನ್ನೊಬ್ಬ ಡಾಕ್ಟರು. ತೊಂದರೆ ಕೊಡದ ಗುಲ್ಮದ ನಾಳದ ಉಬ್ಬಿಗೆ ಆ ಅಳತೆ ಸರಿ. ಆದರೆ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘದ 2020ರ ಮಾರ್ಗಸೂಚಿ, ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಎಷ್ಟೇ ಚಿಕ್ಕದಿದ್ದರೂ ಚಿಕಿತ್ಸೆ ಮಾಡಿ ಎನ್ನುತ್ತದೆ. ಪೆಟ್ಟಿನಿಂದಲೋ, ಕುಡಿತ ಮೇದೋಜೀರಕ ಗ್ರಂಥಿಯನ್ನು ಕೆಡಿಸಿ ಅದರ ರಸ ನಾಳದ ಗೋಡೆಯನ್ನು ತಿಂದೋ ಆಗುವ ಸುಳ್ಳು ಉಬ್ಬುಗಳಿಗೂ (ನಾಳದ ಗೋಡೆ ಹರಿದು ಪಕ್ಕದಲ್ಲಿ ರಕ್ತ ಕಟ್ಟಿಕೊಂಡವು) ಅಳತೆ ಕಾಯುವಂತಿಲ್ಲ. (1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಎರಡೂವರೆ ತಿಂಗಳು ನರಳಿ ತೀರಿಕೊಂಡಾಗ ಒಡೆದಿದ್ದು ಇಂಥದ್ದೇ, ಗುಲ್ಮದ ನಾಳದಲ್ಲೇ.)

ಈಗ ಬಹಳ ಸಲ ಹೊಟ್ಟೆ ಕೊಯ್ಯಬೇಕಿಲ್ಲ. ತೊಡೆಸಂದಿಯಿಂದ ಅಥವಾ ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ, ಉಬ್ಬಿನ ಆಚೆ ಈಚೆ ಎರಡೂ ಕಡೆ ಲೋಹದ ಕಾಯಿಲ್ (ಸುರುಳಿ ತಂತಿ) ತುಂಬಿ ನಾಳ ಮುಚ್ಚುತ್ತಾರೆ. ಒಂದೇ ಕಡೆ ಮುಚ್ಚಿದರೆ ಇನ್ನೊಂದು ಕಡೆಯಿಂದ ರಕ್ತ ನುಗ್ಗುತ್ತದೆ. ಮುಖ್ಯ ನಾಳ ಮುಚ್ಚಿದರೂ ಜಠರದ ಕಡೆಯಿಂದ ಬರುವ ಚಿಕ್ಕ ನಾಳಗಳು ಗುಲ್ಮವನ್ನು ಸಾಕುತ್ತವೆ. ಹೀಗೆ ಕಾಯಿಲ್ ಹಾಕಿಸಿಕೊಂಡ ನಮ್ಮ ಹುಡುಗಿಗೆ ಕೆಲವು ದಿನ ಎಡಪಕ್ಕೆಯಲ್ಲಿ ನೋವು, ಜ್ವರ ಇತ್ತು, ಅಷ್ಟೇ. ಕರುಳಿನ ಮುಖ್ಯ ನಾಳದಲ್ಲಾದರೆ ಹೀಗೆ ಸುಮ್ನೆ ಮುಚ್ಚುವಂತಿಲ್ಲ, ಕರುಳು ಸತ್ತೀತು. ಅಲ್ಲಿ ನಾಳವನ್ನು ತೆರೆದಿಡುವ ಸ್ಟೆಂಟ್ ಅಥವಾ ಆಪರೇಷನ್ ಬೇಕು. ಕಾಯಿಲ್ ಹಾಕಿದ ಮೇಲೂ ಮತ್ತೆ ರಕ್ತ ಹರಿಯುತ್ತಿದೆಯೇ ಎಂದು ಆಗಾಗ ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.

ಒಡೆದ ಮೇಲಿನ ಕತೆ ಬೇರೆ. ರೋಗಿ ಕುಸಿದಿದ್ದರೆ ಹೊಟ್ಟೆ ತೆರೆದು ನಾಳ ಕಟ್ಟಬೇಕು, ಎಷ್ಟೋ ಸಲ ಗುಲ್ಮವನ್ನೇ ತೆಗೆಯಬೇಕು. ಕಾಯಿಲ್ ಹಾಕಬಲ್ಲ ತಜ್ಞರು ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಇರುವಾಗ ದೂರದ ತಾಲ್ಲೂಕಿನ ಬಸುರಿ ಅಲ್ಲಿಗೆ ತಲುಪುವುದು ಯಾವಾಗ?

ಹಾಗಾಗಿ ಸ್ಕ್ಯಾನ್ ಮಾಡುವವರಲ್ಲಿ ನನ್ನ ವಿನಂತಿ. ಇಂಥ ಉಬ್ಬು ಕಂಡರೆ ಅದನ್ನು ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಕಳಿಸಿದ ವೈದ್ಯರಿಗೆ ಒಂದು ಫೋನ್ ಮಾಡಿ. ರೋಗಿಗೆ ಕನ್ನಡದಲ್ಲೇ ಹೇಳಿ. ಹೆಣ್ಣುಮಗಳಾಗಿದ್ದರೆ, ಇನ್ನು ಮಕ್ಕಳ ಯೋಚನೆ ಇದೆಯಾ ಎಂದು ಕೇಳಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಶಿವಮೊಗ್ಗ